ಕಪ್ಪೆಗಳಿಗೆ ಹೆಸರಿಟ್ಟವರು: ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು

ಮುಂಗಾರಿನ ಮೊದಲ ಮಳೆ ಸುರಿದ ಇರುಳಿನಲ್ಲಿ ಕಪ್ಪೆಯ ದನಿಯನ್ನು ಕೇಳದ ಕನ್ನಡಿಗನಿಲ್ಲ. ಬೆಂಗಳೂರಿನ ಪಡುವಣ ಭಾಗದಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಬೆಳೆದು ಹೊಲಗದ್ದೆಗಳೆಲ್ಲ ಮನೆಗಳಾದ ಮೇಲೂ ಕೆಂಗೇರಿಯ ಕಡೆಯ ಕೆರೆಯಂಚುಗಳಲ್ಲಿ, ಜ್ಞಾನಭಾರತಿಯ ಆವರಣದ ನೀರು ನಿಲ್ಲುವ ತಗ್ಗುಗಳಲ್ಲಿ ಆ ದನಿ ಇನ್ನೂ ಅಡಗಿಲ್ಲ. ನಾವು ಅದನ್ನು ಕೇಳುತ್ತೇವೆ. ಮಳೆ ಹಿಡಿಯಿತೆಂದು ಸಮಾಧಾನಪಟ್ಟು ಮಲಗುತ್ತೇವೆ. ಆ ಗದ್ದಲದಲ್ಲಿ ಎಷ್ಟು ಬಗೆಯ ಕಂಠಗಳಿವೆ, ಯಾವ ಕಂಠ ಯಾವ ಜೀವಿಯದು ಎಂದು ವಿಚಾರಿಸುವವರು ಬಹು ವಿರಳ. ಆ ವಿಚಾರಣೆಗೆ ತಮ್ಮ ಬಾಳಿನ ಬಹುಭಾಗವನ್ನು ಮೀಸಲಿಟ್ಟವರೊಬ್ಬರು ಒಂದು ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದರು. ಅವರೇ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು.

ನಾರಾಯಣರಾಯರು ಜನಿಸಿದ್ದು 1882ನೆಯ ಇಸವಿ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ವಿದ್ಯಾಭ್ಯಾಸ ನಡೆದದ್ದು ಬಳ್ಳಾರಿಯಲ್ಲಿ. ಆ ಬಳಿಕ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿ, ಪ್ರಾಣಿಶಾಸ್ತ್ರದಲ್ಲಿ ಎಂ. ಎ. ಪದವಿಯನ್ನೂ ವಿಶ್ವವಿದ್ಯಾನಿಲಯದ ಚಿನ್ನದ ಪದಕವನ್ನೂ ಪಡೆದರು. ಅನಂತರ ಅಧ್ಯಾಪನದ ಎಲ್. ಟಿ. ಪದವಿಯನ್ನು ಗಳಿಸಿ ಕೊಯಮತ್ತೂರಿನಲ್ಲಿಯೂ ಎರ್ನಾಕುಲದಲ್ಲಿಯೂ ಉಪಾಧ್ಯಾಯರಾಗಿದ್ದು, ಕೊನೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. 1858ರಲ್ಲಿ ಒಂದು ಪ್ರೌಢಶಾಲೆಯಾಗಿ ಆರಂಭವಾದ ಆ ಸಂಸ್ಥೆ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ವಿಜ್ಞಾನಪೀಠವಾಯಿತು. ಅಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ನೆಲೆಗೊಳಿಸಿ, 1937ರಲ್ಲಿ ನಿವೃತ್ತರಾಗುವವರೆಗೂ ರಾಯರು ಅದನ್ನು ನಡೆಸಿದರು.

ಅಂದಿನ ಪರಿಸ್ಥಿತಿಯನ್ನು ವಾಚಕರು ಸ್ವಲ್ಪ ನೆನೆಯಬೇಕು. ಹಿಂದೂದೇಶದ ಸರೀಸೃಪ ಮತ್ತು ಉಭಯವಾಸಿಗಳ ವಿಷಯದಲ್ಲಿ ಆಗ ಇದ್ದ ಜ್ಞಾನವೆಲ್ಲ ಬಹುಮಟ್ಟಿಗೆ ಪರದೇಶೀಯರಿಂದ ಸಂಪಾದಿತವಾದುದು. ವೈದ್ಯಾಧಿಕಾರಿಯಾಗಿದ್ದ ಜೆರ್ಡನ್, ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಮೊದಲಾದವರು ತಮ್ಮ ಉದ್ಯೋಗದ ನಡುವೆ ಪ್ರಾಣಿಗಳನ್ನು ಸಂಗ್ರಹಿಸಿದರು. ಮಾದರಿಗಳು ಹಡಗೇರಿ ಲಂಡನ್ನಿಗೆ ಹೋಗುತ್ತಿದ್ದುವು; ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಕುಳಿತ ವಿದ್ವಾಂಸರು ಅವುಗಳಿಗೆ ಹೆಸರಿಡುತ್ತಿದ್ದರು. ಬೌಲೆಂಜರ್ ಎಂಬ ಪಂಡಿತರು 1890ರಲ್ಲಿ ಹೊರತಂದ ಗ್ರಂಥವೇ ಈ ವಿಷಯದಲ್ಲಿ ಎಲ್ಲರಿಗೂ ಆಧಾರ. ನಮ್ಮ ಘಟ್ಟದ ಕಪ್ಪೆಯನ್ನು ನಮ್ಮ ನೆಲದ ಕಾಲೇಜಿನಲ್ಲಿಯೇ ಪರೀಕ್ಷಿಸಿ, ವರ್ಣಿಸಿ, ಲೋಕದ ಮುಂದಿಡಬಹುದೆಂಬ ಧೈರ್ಯ ಆ ಕಾಲದಲ್ಲಿ ಸಾಮಾನ್ಯವಾಗಿರಲಿಲ್ಲ. ಕಾಲೇಜು ಅಧ್ಯಾಪಕನ ಕೆಲಸ ಪಾಠ ಹೇಳುವುದು, ಸಂಶೋಧನೆ ಬೇರೆಯವರದು ಎಂಬ ಭಾವನೆಯೇ ಪ್ರಬಲವಾಗಿತ್ತು. ರಾಯರು ಈ ಭಾವನೆಯನ್ನು ಒಪ್ಪಲಿಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನೆ ನಡೆಯಬೇಕೆಂದು ಅವರು ಬರೆದರು, ಮತ್ತು ತಾವೇ ಅದನ್ನು ನಡೆಸಿ ತೋರಿದರು.

ಅವರ ಆರಂಭದ ಕೆಲಸ ಗೊದಮೊಟ್ಟೆಗಳನ್ನು ಕುರಿತದ್ದು. ಬೆಳೆದ ಕಪ್ಪೆಯನ್ನು ಗುರುತಿಸುವವರೇ ಕಡಿಮೆಯಾಗಿದ್ದ ದಿನಗಳಲ್ಲಿ ಅದರ ಮರಿಯನ್ನು ಯಾರು ಕೇಳಬೇಕು? ಆದರೆ ಕಪ್ಪೆಯ ಬಾಳಿನ ರಹಸ್ಯದ ಅರ್ಧಭಾಗ ಅದರ ಬಾಲ್ಯದಲ್ಲಿಯೇ ಅಡಗಿದೆ. ಸಾಮಾನ್ಯ ಗೊದಮೊಟ್ಟೆಗೆ ಕೊಂಬಿನಂಥ ಕಠಿನವಾದ ಕೊಕ್ಕೂ ಸಾಲುಹಲ್ಲುಗಳೂ ಇರುತ್ತವೆ. ಕಲ್ಲಿಗೆ ಅಂಟಿದ ಪಾಚಿಯನ್ನು ಕೆರೆದು ತಿನ್ನಲು ಅವು ಬೇಕು. ಕಿರುಬಾಯಿಯ ಒಂದು ವಂಶದ ಕಪ್ಪೆಗಳ ಮರಿಗಳಿಗಾದರೋ ಈ ಸಾಧನಗಳಿಲ್ಲ. ಅವು ನೀರನ್ನು ಬಾಯಿಂದ ಒಳಗೆಳೆದು, ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು ಬದುಕುತ್ತವೆ. ಈ ವಂಶದ ಭಾರತೀಯ ಗೊದಮೊಟ್ಟೆಗಳನ್ನು ಕುರಿತು ರಾಯರು 1918ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು.

ಅಲ್ಲಿಂದ ಮುಂದೆ ಅವರ ದೃಷ್ಟಿ ಹರಿದದ್ದು ಪಶ್ಚಿಮಘಟ್ಟದತ್ತ. 1920ರಲ್ಲಿ, ಕಾವೇರಿ ಹುಟ್ಟುವ ಕೊಡಗಿನ ಬ್ರಹ್ಮಗಿರಿಯ ಜೌಗುನೆಲದ ಇರುಳುಗಪ್ಪೆಯೊಂದನ್ನು ಅವರು ಹೊಸ ಪ್ರಭೇದವೆಂದು ವರ್ಣಿಸಿದರು. ಅದಕ್ಕೆ ಇಟ್ಟ ಹೆಸರು ನಿಕ್ಟಿಬ್ಯಾಟ್ರಾಕಸ್ ಸ್ಯಾಂಕ್ಟಿಪಾಲುಸ್ಟ್ರಿಸ್. ಲ್ಯಾಟಿನ್ ಭಾಷೆಯ ಆ ಎರಡನೆಯ ಪದಕ್ಕೆ ಪುಣ್ಯವಾದ ಜೌಗಿನದು ಎಂದರ್ಥ. ತೀರ್ಥಸ್ನಾನಕ್ಕೆ ಹೋಗುವ ಯಾತ್ರಿಕನ ಭಕ್ತಿಗೂ ಶಾಸ್ತ್ರಜ್ಞನ ಕುತೂಹಲಕ್ಕೂ ಒಂದೇ ನೆಲದಲ್ಲಿ ಎಡೆಯುಂಟೆಂಬುದಕ್ಕೆ ಈ ಹೆಸರೇ ಸಾಕ್ಷಿ. 1925ರಲ್ಲಿ ರಾಮಣ್ಣ ಎಂಬ ವಿದ್ವಾಂಸರೊಡನೆ ರಾಮನೆಲ್ಲ ಎಂಬ ಹೊಸ ಕುಲವನ್ನೇ ಸ್ಥಾಪಿಸಿ, ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು ತೊಂಬತ್ತು ವರ್ಷ ಆ ಕುಲನಾಮ ಬಳಕೆಯಲ್ಲಿದ್ದು, ಇತ್ತೀಚೆಗೆ ಯೂಪೆರೊಡಾನ್ ಎಂಬ ಇನ್ನೊಂದು ಕುಲದಲ್ಲಿ ಲೀನವಾಯಿತು.

ಅವರ ಅತ್ಯಂತ ವಿಸ್ತಾರವಾದ ಬರಹ ಹೊರಬಂದದ್ದು ನಿವೃತ್ತಿಯ ವರ್ಷವಾದ 1937ರಲ್ಲಿಯೇ. ದಕ್ಷಿಣ ಭಾರತದ ಹೊಸ ಉಭಯವಾಸಿಗಳನ್ನು ಕುರಿತ ಆ ದೀರ್ಘ ಪ್ರಬಂಧದಲ್ಲಿ ಹೊಸ ಹೆಸರುಗಳು ಒಂದೆರಡಲ್ಲ. ಸಕಲೇಶಪುರದ ಬಳಿಯ ಕೆಂಪುಹೊಳೆ, ಮೂಡಿಗೆರೆಯ ಕಡೆಯ ಕೊಟ್ಟಿಗೆಹಾರ, ತೆಂಕಣದ ಆನೆಮಲೆ, ಪರಂಬಿಕುಲಂ ಮೊದಲಾದ ಊರುಕಾಡುಗಳ ಹೆಸರು ಅದರಿಂದ ಜಗತ್ತಿನ ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಸೇರಿದುವು. ಮಲೆನಾಡಿನವರಿಗೆ ಕೊಟ್ಟಿಗೆಹಾರವೆಂದರೆ ಘಟ್ಟವಿಳಿಯುವ ಮುನ್ನ ಬಸ್ಸು ನಿಲ್ಲುವ ಊರು. ಪ್ಯಾರಿಸ್ಸಿನ ಮಂಡೂಕಶಾಸ್ತ್ರಜ್ಞನಿಗೆ ಅದು ಒಂದು ಕಪ್ಪೆಯ ತೌರು.

ರಾಯರ ಬಾಳಿಗೆ ಇನ್ನೊಂದು ಮುಖವಿದೆ. 1932ರ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಎಂಬ ವಿಜ್ಞಾನಪತ್ರಿಕೆ ಹೊರಟಿತು. ರಾಮನ್, ಬೀರಬಲ್ ಸಾಹನಿ, ಮೇಘನಾದ ಸಹಾ, ಭಟ್ನಾಗರ್, ಮಾರ್ಟಿನ್ ಫಾರ್‌ಸ್ಟರ್ ಮೊದಲಾದ ಮಹನೀಯರ ಬೆಂಬಲ ಅದಕ್ಕಿತ್ತು. ಆದರೆ ಪತ್ರಿಕೆ ದೊಡ್ಡವರ ಬೆಂಬಲದಿಂದ ಮಾತ್ರ ನಡೆಯದು. ಬಂದ ಲೇಖನವನ್ನು ಓದಿ, ತಿದ್ದಿ, ಕಾಲಕ್ಕೆ ಸರಿಯಾಗಿ ಅಚ್ಚಿಗೆ ಕಳುಹಿಸುವ ಒಬ್ಬರು ಬೇಕು. ಆ ಭಾರವನ್ನು ಹೊತ್ತ ಮೊದಲ ಸಂಪಾದಕರು ನಾರಾಯಣರಾಯರು. ಭಾರತೀಯ ಸಂಶೋಧಕನು ತನ್ನ ಹೊಸ ವಿಚಾರವನ್ನು ಬೇಗ ಪ್ರಕಟಿಸಬೇಕಾದರೆ ಇಂಗ್ಲೆಂಡಿನ ಪತ್ರಿಕೆಗಳ ಬಾಗಿಲನ್ನು ಕಾಯಬೇಕಾಗಿದ್ದ ಕಾಲವದು. ಭೌತ, ರಸಾಯನ, ಸಸ್ಯ, ಪ್ರಾಣಿ ಎಂಬ ಭೇದವಿಲ್ಲದೆ ಎಲ್ಲ ಶಾಸ್ತ್ರಗಳಿಗೂ ಸ್ವದೇಶದಲ್ಲಿಯೇ ಒಂದು ವೇದಿಕೆ ದೊರೆತದ್ದು ಸಾಮಾನ್ಯ ಲಾಭವಲ್ಲ.

ದೇಶಕ್ಕೆ ಒಂದು ವಿಜ್ಞಾನ ಅಕಾಡೆಮಿ ಬೇಕೆಂಬ ಚರ್ಚೆಗೆ 1933ರಲ್ಲಿ ಈ ಪತ್ರಿಕೆ ಆಸರೆಯಾಯಿತು. ಅದು ಎಲ್ಲಿರಬೇಕು, ಹೇಗಿರಬೇಕು ಎಂಬಲ್ಲಿ ವಿದ್ವಾಂಸರೊಳಗೆ ಒಮ್ಮತ ಮೂಡಲಿಲ್ಲ. ಕೊನೆಗೆ 1934ರಲ್ಲಿ ರಾಮನ್ನರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಮರುವರ್ಷ ಕಲ್ಕತ್ತೆಯಲ್ಲಿ ಇನ್ನೊಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ರಾಯರು ಬೆಂಗಳೂರಿನ ಅಕಾಡೆಮಿಯ ಮೊದಲ ವರ್ಷದ ಸದಸ್ಯರಲ್ಲಿ ಒಬ್ಬರು. ಅವರ 1937ರ ಪ್ರಬಂಧ ಪ್ರಕಟವಾದದ್ದು ಇದೇ ಅಕಾಡೆಮಿಯ ಪತ್ರಿಕೆಯಲ್ಲಿ.

ನಿವೃತ್ತಿಯಿಂದ ಅವರ ಅಧ್ಯಯನ ನಿಲ್ಲಲಿಲ್ಲ. ಕಪ್ಪೆಯ ತಲೆಯ ಮೃದ್ವಸ್ಥಿಗಳ ರಚನೆಯನ್ನು ಕುರಿತು ಎಲ್. ಎಸ್. ರಾಮಸ್ವಾಮಿಯವರೊಡನೆ 1952ರಲ್ಲಿ ಪ್ರಬಂಧ ಪ್ರಕಟಿಸಿದಾಗ ಅವರ ವಯಸ್ಸು ಎಪ್ಪತ್ತನ್ನು ಮುಟ್ಟುತ್ತಿತ್ತು. 1960ರ ಜನವರಿ 2ರಂದು ಅವರು ದಿವಂಗತರಾದರು.

ಇಷ್ಟೇ ಆಗಿದ್ದರೆ ಇದು ಸಾರ್ಥಕವಾದ ಒಬ್ಬ ಅಧ್ಯಾಪಕರ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಅವರ ತರುವಾಯ ನಡೆದುದು ವಿಷಾದಕರ. ಹೊಸ ಪ್ರಭೇದವೊಂದನ್ನು ವರ್ಣಿಸುವ ಶಾಸ್ತ್ರಜ್ಞನು ಯಾವ ಪ್ರಾಣಿಯನ್ನು ನೋಡಿ ಬರೆದನೋ ಅದನ್ನು ಮದ್ಯಸಾರದಂತಹ ದ್ರವದಲ್ಲಿ ಕೆಡದಂತೆ ಕಾದಿರಿಸುತ್ತಾನೆ. ಅದೇ ಮೂಲಮಾದರಿ. ಮುಂದೆ ಎಂದಾದರೂ ಸಂದೇಹ ಬಂದರೆ ವಿದ್ವಾಂಸರು ಮೊರೆಹೋಗುವುದು ಬರಹಕ್ಕಲ್ಲ, ಆ ಸೀಸೆಗೆ. ದಸ್ತಾವೇಜಿಗೆ ಮೂಲಪ್ರತಿ ಹೇಗೋ ಪ್ರಭೇದನಾಮಕ್ಕೆ ಮೂಲಮಾದರಿ ಹಾಗೆ. ರಾಯರು ತಮ್ಮ ಮಾದರಿಗಳನ್ನು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿಟ್ಟಿದ್ದರು. ಅವುಗಳಲ್ಲಿ ಬಹುಪಾಲು ಇಂದು ಇಲ್ಲ. ಕಳೆದುಹೋದುವೆಂದೇ ಶಾಸ್ತ್ರಗ್ರಂಥಗಳು ದಾಖಲಿಸಿವೆ. ಲಂಡನ್ನಿಗೆ ಹೋದ ಬೆಡ್ಡೋಮನ ಕಪ್ಪೆಗಳು ನೂರೈವತ್ತು ವರ್ಷಗಳ ಮೇಲೂ ಸೀಸೆಗಳಲ್ಲಿ ಸುರಕ್ಷಿತವಾಗಿವೆ. ನಮ್ಮವರೇ ನಮ್ಮ ಊರಿನಲ್ಲಿ ಇಟ್ಟುವು ಉಳಿಯಲಿಲ್ಲ. ನಮ್ಮ ಪ್ರಾಣಿಯನ್ನು ನಾವೇ ವರ್ಣಿಸಬಲ್ಲೆವೆಂದು ರಾಯರು ತೋರಿಸಿದರು. ವರ್ಣಿಸಿದ್ದನ್ನು ಕಾಪಾಡಬಲ್ಲೆವೆಂದು ನಾವು ತೋರಿಸಲಿಲ್ಲ.

ಇದರ ಫಲವನ್ನು ಅವರ ಕೀರ್ತಿ ಅನುಭವಿಸಬೇಕಾಯಿತು. ಅವರು ಮಾಡಿದ ಕೆಲವು ನಿರ್ಣಯಗಳು ತಪ್ಪಾಗಿದ್ದುವೆಂಬುದು ನಿಜ. ಪೊದೆಗಪ್ಪೆಗಳ ಕುಲದಲ್ಲಿ ಅವರು ಇರಿಸಿದ ಕೆಂಪುಹೊಳೆಯ ಎಲೆಗನ್ಸ್, ಕೊಟ್ಟಿಗೆಹಾರದ ಕೊಟ್ಟಿಗೆಹಾರೆನ್ಸಿಸ್ ಎಂಬ ಪ್ರಭೇದಗಳು ವಾಸ್ತವವಾಗಿ ತೊರೆಗಳ ವಾಸಿಗಳು. ಅವು ಮೈಕ್ರಿಕ್ಸಾಲಸ್ ಕುಲಕ್ಕೆ ಸೇರಿದುವೆಂದು ಮುಂದಿನವರು ತಿದ್ದಿದರು. ಹರಿವ ನೀರಿನ ನಡುವಣ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬೀಸುವ ನರ್ತಕಗಪ್ಪೆಗಳೆಂದರೆ ಇವೇ. ಇಂಥ ತಿದ್ದುಪಡಿ ಶಾಸ್ತ್ರದ ಸಹಜಧರ್ಮ. ಆದರೆ ಮಾದರಿಯೇ ಇಲ್ಲದಾಗ ತಪ್ಪನ್ನು ತಪ್ಪೆಂದು ಹೇಳಲೂ ಸರಿಯನ್ನು ಸರಿಯೆಂದು ಹೇಳಲೂ ಆಧಾರವಿಲ್ಲ. ರಾಯರು ಇಟ್ಟ ಹಲವು ಹೆಸರುಗಳು ಹೀಗೆ ದಶಕಗಳ ಕಾಲ ತ್ರಿಶಂಕುಸ್ಥಿತಿಯಲ್ಲಿದ್ದುವು. ಕೆಲವು ಇಂದಿಗೂ ಹಾಗೆಯೇ ಇವೆ.

ಉಳಿದ ದಾರಿ ಒಂದೇ: ಅವರ ಬರಹವನ್ನು ಕೈಯಲ್ಲಿ ಹಿಡಿದು ಅವರು ಹೇಳಿದ ಹಳ್ಳಕ್ಕೆ, ಅವರು ಹೇಳಿದ ಕಾಡಿಗೆ ಹೋಗಿ ಹುಡುಕುವುದು. ದೆಹಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಮತ್ತು ಅವರ ಸಂಗಡಿಗರು ಅದನ್ನೇ ಮಾಡಿದರು. 2011ರಲ್ಲಿ ಅವರು ಇರುಳುಗಪ್ಪೆಗಳ ಹನ್ನೆರಡು ಹೊಸ ಪ್ರಭೇದಗಳನ್ನು ಪ್ರಕಟಿಸಿದಾಗ, ಕಣ್ಮರೆಯಾಗಿದ್ದ ಮೂರು ಹಳೆಯ ಪ್ರಭೇದಗಳೂ ಮತ್ತೆ ಸಿಕ್ಕಿದ್ದುವು. ಆ ಮೂರೂ ನಾರಾಯಣರಾಯರು ಹೆಸರಿಟ್ಟುವೇ. ಬ್ರಹ್ಮಗಿರಿಯ ಪುಣ್ಯಜೌಗಿನ ಕಪ್ಪೆ ತೊಂಬತ್ತೊಂದು ವರ್ಷಗಳ ಮೇಲೆ ಕಾಣಿಸಿತು. ಕೆಂಪುಹೊಳೆಯ ಹೆಸರಿನ ಕಪ್ಪೆಯೂ ಸಿಲ್ವಾಟಿಕಸ್ ಎಂಬ ಕಾಡಿನ ಕಪ್ಪೆಯೂ ಮುಕ್ಕಾಲು ಶತಮಾನದ ಮೇಲೆ ದೊರೆತುವು. ಆನೆಮಲೆಯ ಹೆಸರನ್ನು ಹೊತ್ತ ಕಿರುಬಾಯಿಯ ಕಪ್ಪೆಯೂ ಆ ಕಾಲದಲ್ಲಿಯೇ ಪರಂಬಿಕುಲಂನಲ್ಲಿ ಮತ್ತೆ ಗೋಚರಿಸಿತು. ಸೀಸೆಗಳು ಹೋದರೂ ಊರಿನ ಹೆಸರನ್ನೂ ದೇಹದ ಲಕ್ಷಣವನ್ನೂ ಬರೆದಿಟ್ಟ ಅಕ್ಷರ ದಾರಿತೋರಿತು. ಕಾಡು ಉಳಿದದ್ದರಿಂದ ಕಪ್ಪೆಯೂ ಉಳಿದಿತ್ತು.

ಇನ್ನೊಂದು ಸಂಗತಿಯನ್ನು ಹೇಳದೆ ಈ ಕಥನ ಪೂರ್ಣವಾಗದು. ಪಶ್ಚಿಮಘಟ್ಟದ ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯೊಳಗೇ ಬೆಳವಣಿಗೆ ಮುಗಿದು ಪುಟ್ಟ ಕಪ್ಪೆಯೇ ಹೊರಬರುತ್ತದೆ. ಈ ಜೀವಿಗಳಿಗೆ 2010ರಲ್ಲಿ ಹೊಸ ಕುಲವೊಂದನ್ನು ರಚಿಸಿದಾಗ ವಿದ್ವಾಂಸರು ಅದನ್ನು ರಾವ್ರ್ಕೆಸ್ಟಿಸ್ ಎಂದು ಕರೆದರು. ರಾಯರ ಹೆಸರನ್ನೂ, ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಕಪ್ಪೆಗಳಿಗೆ ಇಟ್ಟಿದ್ದ ಆರ್ಕೆಸ್ಟಿಸ್ ಎಂಬ ಹಳೆಯ ಹೆಸರನ್ನೂ ಕೂಡಿಸಿ ಮಾಡಿದ ಪದವದು. ಇಂದು ಆ ಕುಲದಲ್ಲಿ ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ರಾಯರೇ ಕೊಟ್ಟಿಗೆಹಾರದಿಂದ ವರ್ಣಿಸಿದ ಚಾರಿಯಸ್ ಎಂಬುದೂ ಅವುಗಳಲ್ಲಿ ಸೇರಿದೆ. ಈ ಕುಲನಾಮ ಮೊದಲು ಅಚ್ಚಾದದ್ದು ಎಲ್ಲಿ? ಎಪ್ಪತ್ತೆಂಟು ವರ್ಷಗಳ ಹಿಂದೆ ಅವರು ಸಂಪಾದಕರಾಗಿ ಹೊರತಂದ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿಯೇ. ಪರರ ಬರಹಕ್ಕಾಗಿ ಅವರು ಕಟ್ಟಿದ ಮನೆಯ ಗೋಡೆಯ ಮೇಲೆ ಕೊನೆಗೆ ಅವರ ಹೆಸರೇ ಕೆತ್ತಲ್ಪಟ್ಟಿತು.

ಸೆಂಟ್ರಲ್ ಕಾಲೇಜು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗ ಈಗ ಮೈಸೂರು ರಸ್ತೆಯ ಪಕ್ಕದ ಜ್ಞಾನಭಾರತಿಯಲ್ಲಿದೆ. ಅಲ್ಲಿಂದ ಕೆಂಗೇರಿ ದೂರವಲ್ಲ. 2020ರಲ್ಲಿ, ಬೆಂಗಳೂರಿನ ಹೊರವಲಯದಿಂದಲೇ, ನೆಲವನ್ನು ಬಗೆದು ಅಡಗುವ ಹೊಸ ಕಪ್ಪೆಯೊಂದು ಬೆಳಕಿಗೆ ಬಂದು ಈ ನಗರದ ಹೆಸರನ್ನೇ ಪಡೆಯಿತು. ಎಲ್ಲವೂ ತಿಳಿದುಹೋಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗೆ ಕಪ್ಪೆಯೆಂದರೆ ಬಹುಕಾಲ ಒಂದು ಛೇದನದ ವಸ್ತುವಾಗಿತ್ತು. ರಾಯರಿಗೆ ಅದು ಹೆಸರೂ ಊರೂ ಬಾಲ್ಯವೂ ಉಳ್ಳ ಜೀವಿ. ಮಳೆಗಾಲದ ಇರುಳಿನಲ್ಲಿ ಕೆರೆಯಂಚಿನ ದನಿಯನ್ನು ಕೇಳಿ, ಇದು ಯಾವುದು ಎಂದು ನಿಂತು ವಿಚಾರಿಸುವ ಒಬ್ಬ ವಿದ್ಯಾರ್ಥಿ, ಹಾಗೂ ಅವನು ಕಂಡದ್ದನ್ನು ಕಳೆಯದೆ ಕಾಯುವ ಒಂದು ಸಂಸ್ಥೆ, ಇವೆರಡೂ ಇದ್ದರೆ ನಾರಾಯಣರಾಯರಿಗೆ ನಾವು ಸಲ್ಲಿಸಬೇಕಾದ ಋಣ ಸಂದಂತೆಯೇ ಸರಿ.