ಆರದ ಒಲೆಯ ವ್ರತ: ವಡಲೂರಿನ ರಾಮಲಿಂಗ ಸ್ವಾಮಿಗಳು

ಮೋಕ್ಷಮಾರ್ಗದಲ್ಲಿ ನಡೆಯುವ ಮುನಿಗಳು ಸಹಿಸಬೇಕಾದ 22 ಪರೀಷಹಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರಕಾರರು ಕ್ಷುಧೆಗೆ ಮೊದಲ ಸ್ಥಾನವನ್ನು ಕೊಟ್ಟಿದ್ದಾರೆ. ಬಾಯಾರಿಕೆ, ಚಳಿ, ಸೆಕೆ ಮೊದಲಾದುವೆಲ್ಲ ಅದರ ಅನಂತರ ಬರುತ್ತವೆ. ಉಪವಾಸವನ್ನು ಕೈಗೊಂಡವರಿಗೆ ಈ ಕ್ರಮದ ಔಚಿತ್ಯವು ಅನುಭವದಿಂದಲೇ ತಿಳಿಯುತ್ತದೆ. ಆದರೆ ವ್ರತದ ಹಸಿವಿಗೆ ಒಂದು ಮೇರೆಯುಂಟು. ಅಷ್ಟಮಿಯ ಉಪವಾಸಕ್ಕೆ ನವಮಿಯ ಪಾರಣೆಯುಂಟು. ಮಳೆ ಹೋದುದರಿಂದ, ಕೂಲಿ ಸಿಕ್ಕದುದರಿಂದ, ಮನೆಯಲ್ಲಿ ದುಡಿಯುವವರು ಇಲ್ಲದುದರಿಂದ ಬಂದ ಹಸಿವಿಗೆ ಪಾರಣೆಯ ದಿನವೆಂಬುದು ಗೊತ್ತಾಗಿರುವುದಿಲ್ಲ. ಆ ದಿನವನ್ನು ಮತ್ತೊಬ್ಬರು ತಂದುಕೊಡಬೇಕಾಗುತ್ತದೆ.

ಈ ಎರಡು ಹಸಿವುಗಳ ಅಂತರವನ್ನು ಚೆನ್ನಾಗಿ ಅರಿತು, ಮೊದಲನೆಯದನ್ನು ತಾವು ವ್ರತವಾಗಿ ಹೊತ್ತು, ಎರಡನೆಯದನ್ನು ನೀಗುವುದನ್ನು ಒಂದು ಸೀಮೆಯ ಜನರೆಲ್ಲರ ನಿತ್ಯವ್ರತವನ್ನಾಗಿ ಮಾಡಿದ ಮಹನೀಯರೊಬ್ಬರು 19ನೆಯ ಶತಮಾನದಲ್ಲಿ ತಮಿಳುನಾಡಿನಲ್ಲಿ ಬಾಳಿದರು. ಅವರು ವಡಲೂರಿನ ರಾಮಲಿಂಗ ಸ್ವಾಮಿಗಳು. ವಳ್ಳಲಾರ್, ಎಂದರೆ ಮಹಾದಾನಿ, ಎಂಬುದು ಜನರು ಪ್ರೀತಿಯಿಂದ ಅವರನ್ನು ಕರೆದ ಹೆಸರು. ಅವರು ಶೈವಕುಲದಲ್ಲಿ ಹುಟ್ಟಿದವರು, ಶಿವಸ್ತುತಿಯಲ್ಲಿ ಬೆಳೆದವರು, ಜಗತ್ತಿಗೆ ಒಬ್ಬ ಒಡೆಯನುಂಟೆಂದು ನಂಬಿದವರು. ಆ ವಿಷಯದಲ್ಲಿ ಜಿನಾಗಮದ ದಾರಿ ಬೇರೆ. ಆದರೆ ಜೀವದಯೆಯ ವಿಷಯದಲ್ಲಿ ಅವರ ಬಾಳನ್ನು ಜೈನ ಶ್ರಾವಕರು ಪರಕೀಯರ ಬಾಳೆಂದು ತಿಳಿಯಬೇಕಾಗಿಲ್ಲ.

ರಾಮಲಿಂಗರು 1823ರ ಅಕ್ಟೋಬರ್ 5ರಂದು ಚಿದಂಬರದ ಸಮೀಪದ ಮರುದೂರಿನಲ್ಲಿ ಜನಿಸಿದರು. ಅಂದಿನ ದಕ್ಷಿಣ ಆರ್ಕಾಟು ಜಿಲ್ಲೆಗೆ ಸೇರಿದ ಈ ಸೀಮೆ ಜೈನ ವಾಙ್ಮಯಕ್ಕೆ ಅಪರಿಚಿತವಲ್ಲ. ಸರ್ವನಂದಿ ಮುನಿಗಳು ಶಕ 380ರಲ್ಲಿ, ಅಂದರೆ ಕ್ರಿ.ಶ. 458ರಲ್ಲಿ, ಲೋಕವಿಭಾಗವನ್ನು ಬರೆದು ಮುಗಿಸಿದ ಪಾಟಲಿಕಾ ಗ್ರಾಮವು ಕಡಲೂರಿಗೆ ಸೇರಿದ ತಿರುಪ್ಪಾದಿರಿಪ್ಪುಲಿಯೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಾಮಲಿಂಗರ ತಂದೆ ರಾಮಯ್ಯ ಪಿಳ್ಳೆಯವರು ಊರಿನ ಕರಣಿಕರಾಗಿದ್ದು ಮಕ್ಕಳಿಗೆ ಪಾಠವನ್ನೂ ಹೇಳುತ್ತಿದ್ದರು. ತಾಯಿ ಚಿನ್ನಮ್ಮೈ. ಐವರು ಮಕ್ಕಳಲ್ಲಿ ಕೊನೆಯವರಾದ ರಾಮಲಿಂಗರು ಹಸುಗೂಸಾಗಿದ್ದಾಗಲೇ ತಂದೆ ತೀರಿಕೊಂಡರು. ವಿಧವೆಯಾದ ತಾಯಿ ಮಕ್ಕಳನ್ನು ಕಟ್ಟಿಕೊಂಡು ತವರಿನ ಕಡೆಗೆ, ಅಲ್ಲಿಂದ ಮದರಾಸಿಗೆ ಬಂದು ನೆಲಸಿದರು. ಹಿರಿಯಣ್ಣ ಸಭಾಪತಿಯವರು ಪುರಾಣ ಪ್ರವಚನದಿಂದ ಸಂಸಾರವನ್ನು ಸಾಗಿಸಿದರು.

ತಮ್ಮನು ಓದಿ ನಾಲ್ಕು ಕಾಸು ಸಂಪಾದಿಸಬೇಕೆಂಬುದು ಅಣ್ಣನ ಅಪೇಕ್ಷೆ. ಬಾಲಕನ ಮನಸ್ಸು ಶಾಲೆಯಲ್ಲಿ ನಿಲ್ಲಲಿಲ್ಲ. ಅವನು ನಗರದ ಕಂದಸ್ವಾಮಿ ದೇವಾಲಯಕ್ಕೆ ಹೋಗಿ ಸ್ವಂತವಾಗಿ ಪದ್ಯಗಳನ್ನು ಕಟ್ಟಿ ಹಾಡುತ್ತಿದ್ದನು. ಅಣ್ಣನು ಅಸ್ವಸ್ಥನಾಗಿದ್ದ ಒಂದು ದಿನ ಅವನಿಗೆ ಬದಲಾಗಿ ಪ್ರವಚನಕ್ಕೆ ಕುಳಿತು ಸಭೆಯನ್ನು ಬೆರಗುಗೊಳಿಸಿದ ಮೇಲೆ ಶಾಲೆಯ ಮಾತು ನಿಂತಿತು. 1850ರಲ್ಲಿ ಬಂಧುಗಳ ಒತ್ತಾಯದಿಂದ ವಿವಾಹವಾಯಿತಾದರೂ ಸಂಸಾರವು ಅವರನ್ನು ಹಿಡಿದಿಡಲಿಲ್ಲ. 1858ರಲ್ಲಿ ಅವರು ಮದರಾಸನ್ನು ಬಿಟ್ಟು ಚಿದಂಬರದ ಕಡೆಗೆ ಬಂದು, ಕರುಂಗುಳಿ ಎಂಬ ಹಳ್ಳಿಯಲ್ಲಿ ಒಬ್ಬ ಗೃಹಸ್ಥರ ಮನೆಯಲ್ಲಿ ಸುಮಾರು ಒಂಬತ್ತು ವರ್ಷ ಇದ್ದರು. ಮೈಮೇಲೆ ಒಂದು ಬಿಳಿಯ ಬಟ್ಟೆ, ತಲೆಯ ಮೇಲೆ ಅದರದೇ ಮುಸುಕು. ಇದಿಷ್ಟೇ ಅವರ ಪರಿಗ್ರಹ.

ನಗರದಲ್ಲಿ ಕಾಣದಿದ್ದ ಸಂಗತಿಯೊಂದು ಹಳ್ಳಿಯಲ್ಲಿ ಪ್ರತಿದಿನವೂ ಅವರ ಕಣ್ಣಿಗೆ ಬಿದ್ದಿತು. ಮಳೆಯನ್ನು ನಂಬಿದ ಬೆದ್ದಲು ಹೊಲ, ವರ್ಷದಲ್ಲಿ ಕೆಲವೇ ತಿಂಗಳು ಸಿಗುವ ಕೂಲಿ, ಬೆಲೆ ಏರಿದೊಡನೆ ತಣ್ಣಗಾಗುವ ಒಲೆ. 1866ರಲ್ಲಿ ಒರಿಸ್ಸಾದಿಂದ ಮದರಾಸು ಪ್ರಾಂತದವರೆಗೆ ಕ್ಷಾಮವು ಹಬ್ಬಿತು. ಬಾಡಿದ ಪೈರನ್ನು ಕಂಡರೆ ತಾವೂ ಬಾಡುವಂತಹ ಹೃದಯ ಅವರದು. ಆದರೆ ಮರುಕದಿಂದ ಮಾತ್ರ ಯಾರ ಹೊಟ್ಟೆಯೂ ತುಂಬುವುದಿಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. 1865ರಲ್ಲಿಯೇ ಅವರು ಸನ್ಮಾರ್ಗ ಸಂಘವೊಂದನ್ನು ಸ್ಥಾಪಿಸಿದ್ದರು. ಕುಲ, ಮತ, ಪಂಗಡಗಳ ಭೇದವಿಲ್ಲದೆ ಎಲ್ಲ ಜೀವಿಗಳನ್ನೂ ಸಮಾನವಾಗಿ ಕಾಣುವುದು, ಕೊಲ್ಲದಿರುವುದು, ಮಾಂಸವನ್ನು ತಿನ್ನದಿರುವುದು ಅದರ ಮುಖ್ಯ ನಿಯಮಗಳು. ಆ ಸಂಘಕ್ಕೆ ಈಗ ಮಾಡಲು ಒಂದು ಕೆಲಸ ದೊರೆಯಿತು.

ಹತ್ತಿರದ ವಡಲೂರಿನಲ್ಲಿ, ನಾಲ್ಕು ದಿಕ್ಕಿನ ಹಾದಿಗಳು ಕೂಡುವ ಬಯಲಿನಲ್ಲಿ, ಅನ್ನಶಾಲೆಯೊಂದನ್ನು ತೆರೆಯಬೇಕೆಂದು ನಿಶ್ಚಯವಾಯಿತು. ಅದಕ್ಕೆ ಅರಸರ ದತ್ತಿಯಾಗಲಿ ಸರಕಾರದ ಹಣವಾಗಲಿ ಇರಲಿಲ್ಲ. ಪಾರ್ವತೀಪುರದ ರೈತ ಮನೆತನಗಳವರು ಕೂಡಿ 80 ಕಾಣಿ ನೆಲವನ್ನು, ಅಂದರೆ ಸುಮಾರು 106 ಎಕರೆಯನ್ನು, ಬರೆದುಕೊಟ್ಟರು. ಮಣ್ಣಿನ ಗೋಡೆ, ಹುಲ್ಲಿನ ಮಾಡು ಎದ್ದಿತು. ಅಕ್ಕಿ ಇದ್ದವರು ಅಕ್ಕಿಯನ್ನು, ಸೌದೆ ಇದ್ದವರು ಸೌದೆಯನ್ನು, ಏನೂ ಇಲ್ಲದವರು ಮೈದುಡಿತವನ್ನು ಕೊಟ್ಟರು. 1867ರ ಮೇ 23ರಂದು ಸತ್ಯ ಧರ್ಮಶಾಲೆಯ ಒಲೆಗೆ ಬೆಂಕಿ ಹಚ್ಚಲಾಯಿತು. ಅದು ಆರದಂತೆ ನೋಡಿಕೊಳ್ಳಬೇಕೆಂಬುದೊಂದೇ ನಿಯಮ. ಬಂದವನ ಜಾತಿಯನ್ನು ಕೇಳಬಾರದು, ಊರನ್ನು ಕೇಳಬಾರದು, ನಡತೆಯನ್ನು ವಿಚಾರಿಸಬಾರದು. ಹಸಿದಿದ್ದಾನೆಂಬುದೇ ಅವನ ಅರ್ಹತೆ.

ದಾನವೆಂಬುದು ಒಂದು ದಿನದ ಉತ್ಸವವಾದಾಗ ಸುಲಭ. ಪ್ರತಿದಿನವೂ ಮಾಡಬೇಕಾದಾಗ ಅದರ ಕಷ್ಟ ತಿಳಿಯುತ್ತದೆ. ಒಮ್ಮೆ ಉಗ್ರಾಣದಲ್ಲಿ ಅಕ್ಕಿ ಮುಗಿದು, ಮರುದಿನಕ್ಕೆ ಏನು ಮಾಡುವುದೆಂದು ಶಾಲೆಯವರು ಕಂಗೆಟ್ಟರಂತೆ. ಸ್ವಾಮಿಗಳು ಕೆಲಕಾಲ ಧ್ಯಾನದಲ್ಲಿದ್ದು, ನಾಳೆ ಬರುವುದೆಂದು ಸಮಾಧಾನ ಹೇಳಿದರು. ಮರುದಿನ ಬೇರೆ ಊರಿನಿಂದ ಅಕ್ಕಿಯ ಬಂಡಿಗಳು ಬಂದು ನಿಂತವೆಂದು ಅವರ ಅನುಯಾಯಿಗಳು ಹೇಳುತ್ತಾರೆ. ಭಕ್ತರು ಇದನ್ನು ಪವಾಡವೆಂದು ನಂಬುತ್ತಾರೆ. ಆ ಅಕ್ಕಿಯನ್ನು ಯಾರೋ ರೈತರು ಬೆಳೆದು, ಅಳೆದು, ಬಂಡಿಗೆ ಹೇರಿ ರಾತ್ರಿಯೆಲ್ಲ ಎತ್ತುಗಳನ್ನು ಹೊಡೆದುಕೊಂಡು ಬಂದಿರಬೇಕೆಂಬುದನ್ನು ಮರೆಯಬಾರದು. ಒಂದು ಊರಿನ ಹಸಿವನ್ನು ಹತ್ತು ಊರುಗಳು ತಮ್ಮದೆಂದು ತಿಳಿದದ್ದೇ ಆ ಪ್ರಸಂಗದ ಸಾರ.

ಶಾಲೆಯು ತೆರೆದ ದಿನ ಸ್ವಾಮಿಗಳು ಜೀವಕಾರುಣ್ಯದ ಆಚಾರವನ್ನು ಕುರಿತು ತಾವು ಬರೆದ ಗದ್ಯಪ್ರಬಂಧವನ್ನು ಸಭೆಯಲ್ಲಿ ಓದಿಸಿದರು. ಜೀವಿಗಳಿಗೆ ಬರುವ ದುಃಖಗಳನ್ನೆಲ್ಲ ವಿಂಗಡಿಸಿ, ಹಸಿವು ಮತ್ತು ಕೊಲೆ ಎಂಬೆರಡನ್ನು ನಿವಾರಿಸುವುದೇ ಪರಮ ಜೀವಕಾರುಣ್ಯವೆಂದೂ ಉಳಿದುವನ್ನು ನಿವಾರಿಸುವುದು ಅದಕ್ಕಿಂತ ಕೆಳಗಿನದೆಂದೂ ಅವರು ಅದರಲ್ಲಿ ನಿರೂಪಿಸಿದ್ದಾರೆ. ಒಂದು ಜೀವವನ್ನು ಕೊಂದು ಮತ್ತೊಂದರ ಹಸಿವನ್ನು ನೀಗುವುದು ದಯೆಯೇ ಅಲ್ಲವೆಂಬುದು ಅವರ ಸ್ಪಷ್ಟ ಮತ. ಮದುವೆ ಮುಂತಾದ ಶುಭಕಾರ್ಯಗಳಲ್ಲಿ ಆಡಂಬರಕ್ಕೆ ಹಣ ಸುರಿಯುವುದಕ್ಕೆ ಮೊದಲು ಹಸಿದವರಿಗೆ ಉಣಬಡಿಸಬೇಕೆಂದು ಗೃಹಸ್ಥರಿಗೆ ಬೋಧಿಸಿದ್ದಾರೆ. ಜೀವದಯೆಯನ್ನು ಬಿಟ್ಟು ಮಾಡಿದ ವ್ರತ, ಜಪ, ತೀರ್ಥಯಾತ್ರೆಗಳು ನಿಷ್ಫಲವೆಂದೂ ಎಚ್ಚರಿಸಿದ್ದಾರೆ.

ಆ ಪ್ರಬಂಧದಲ್ಲಿ ಅವರು ಎತ್ತಿಕೊಂಡ ಒಂದು ಆಕ್ಷೇಪಣೆಯು ಕರ್ಮಸಿದ್ಧಾಂತವನ್ನು ನಂಬಿದವರೆಲ್ಲರೂ ಗಮನಿಸಬೇಕಾದದ್ದು. ಹಸಿದವನು ತನ್ನ ಹಿಂದಿನ ಕರ್ಮದ ಫಲವನ್ನು ಉಣ್ಣುತ್ತಿದ್ದಾನೆ. ಅದನ್ನು ತಪ್ಪಿಸುವುದು ಧರ್ಮನಿಯಮಕ್ಕೆ ವಿರೋಧವಲ್ಲವೇ ಎಂಬುದೇ ಆ ಆಕ್ಷೇಪಣೆ. ಅಪರಾಧಿಯನ್ನು ಸೆರೆಯಲ್ಲಿಟ್ಟ ಅರಸನೂ ತನ್ನ ಸೇವಕರ ಕೈಯಿಂದ ಅವನಿಗೆ ಅನ್ನವನ್ನು ಕೊಡಿಸುತ್ತಾನೆಂಬ ದೃಷ್ಟಾಂತದಿಂದ ಸ್ವಾಮಿಗಳು ಅದನ್ನು ಪರಿಹರಿಸಿದರು. ಜೈನಶಾಸ್ತ್ರದ ರೀತಿಯಲ್ಲಿ ವಿಚಾರಿಸಿದರೂ ಫಲಿತಾಂಶ ಬೇರೆಯಾಗುವುದಿಲ್ಲ. ಅಸಾತಾವೇದನೀಯದ ಉದಯವು ಹಸಿದವನದು. ಅದನ್ನು ಕಂಡು ಕೈಕಟ್ಟಿ ಕುಳಿತವನ ನಿರ್ದಯ ಪರಿಣಾಮವು ನೋಡುವವನದೇ, ಅದರ ಬಂಧವೂ ಅವನಿಗೇ. ಆದ್ದರಿಂದಲೇ ಪಾತ್ರದತ್ತಿಯ ಜೊತೆಗೆ ದಯಾದತ್ತಿಯನ್ನೂ ಆಚಾರ್ಯರು ಗೃಹಸ್ಥರಿಗೆ ವಿಧಿಸಿದರು. ಮುನಿಗಳಿಗೆ ಆಹಾರವನ್ನು ಕೊಡುವಾಗ ಪಾತ್ರವನ್ನು ನೋಡಬೇಕು. ದುಃಖಿಗೆ ಕೊಡುವಾಗ ದುಃಖವನ್ನು ನೋಡಿದರೆ ಸಾಕು.

ಸ್ವಾಮಿಗಳು ಉಪವಾಸವನ್ನು ಅರಿಯದೆ ಹೀಗೆ ಹೇಳಿದವರಲ್ಲ. ಅವರ ಶಿಷ್ಯರಾದ ತೊಳುವೂರು ವೇಲಾಯುಧ ಮೊದಲಿಯಾರರು 1882ರಲ್ಲಿ ಥಿಯಾಸಫಿ ಸಮಾಜದವರಿಗೆ ಕೊಟ್ಟ ಹೇಳಿಕೆಯಲ್ಲಿ ಗುರುಗಳ ಆಹಾರಕ್ರಮವನ್ನು ವಿವರಿಸಿದ್ದಾರೆ. ಎರಡು ಮೂರು ದಿನಗಳಿಗೊಮ್ಮೆ ಕೆಲವೇ ತುತ್ತು ಅನ್ನ. ದೀರ್ಘ ಉಪವಾಸದ ಕಾಲದಲ್ಲಿ ಎರಡು ಮೂರು ತಿಂಗಳ ಕಾಲ ಸ್ವಲ್ಪ ಸಕ್ಕರೆ ಬೆರೆಸಿದ ಬಿಸಿನೀರಲ್ಲದೆ ಮತ್ತೇನೂ ಇಲ್ಲ. ಇಷ್ಟು ಕಠಿಣವಾದ ಅನಶನವನ್ನು ನಡೆಸುತ್ತಿದ್ದವರೇ ಅನ್ನಶಾಲೆಯ ಒಲೆ ಒಂದು ಹೊತ್ತೂ ಆರಬಾರದೆಂದು ವಿಧಿಸಿದರು. ತಮ್ಮ ಹಸಿವನ್ನು ಗೆದ್ದವರಿಗೆ ಪರರ ಹಸಿವಿನ ವಿಷಯದಲ್ಲಿ ಉಪೇಕ್ಷೆ ಬರುವುದುಂಟು, ಅವರಿಗೆ ಬರಲಿಲ್ಲ. ಅವರು ಸಾಮಾನ್ಯ ಜನರಿಗಾಗಿ ತಿರುಕ್ಕುರಳಿನ ಪಾಠವನ್ನು ಏರ್ಪಡಿಸಿದ್ದರು. ಜೈನ ಕೃತಿಯೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುವ ಆ ಗ್ರಂಥದ ದಾನಾಧಿಕಾರದಲ್ಲಿ, ಹಸಿವನ್ನು ಸಹಿಸುವ ತಪಸ್ವಿಯ ಬಲಕ್ಕಿಂತ ಹಸಿವನ್ನು ನೀಗುವ ಗೃಹಸ್ಥನ ಬಲವು ಮಿಗಿಲೆಂಬ ಭಾವವುಂಟು. ರಾಮಲಿಂಗರು ಆ ಎರಡು ಬಲಗಳನ್ನೂ ಒಂದೇ ಬಾಳಿನಲ್ಲಿ ಕೂಡಿಸಿದರು.

1870ರಲ್ಲಿ ಅವರು ಸಮೀಪದ ಮೇಟ್ಟುಕುಪ್ಪಕ್ಕೆ ಹೋಗಿ ಏಕಾಂತವಾಸವನ್ನು ಕೈಗೊಂಡರು. 1872ರ ಜನವರಿಯಲ್ಲಿ ವಡಲೂರಿನಲ್ಲಿ ಎಂಟು ಮೂಲೆಗಳ ಸತ್ಯಜ್ಞಾನಸಭೆಯು ತೆರೆಯಿತು. ಅಲ್ಲಿ ವಿಗ್ರಹವಿಲ್ಲ, ಜ್ಯೋತಿಯೊಂದೇ. ತಮ್ಮ ಬೋಧನೆಯನ್ನು ಹೃದಯಕ್ಕೆ ತಂದುಕೊಂಡವರು ಕಡಿಮೆಯೆಂಬ ವಿಷಾದವು ಅವರ ಕೊನೆಯ ವರ್ಷಗಳಲ್ಲಿ ಕಾಣುತ್ತದೆ. 1874ರ ಜನವರಿ 30ರಂದು ಅವರು ಕೊಠಡಿಯನ್ನು ಹೊಕ್ಕು ಬಾಗಿಲನ್ನು ಹಾಕಿಸಿಕೊಂಡರು. ಮತ್ತೆ ಯಾರಿಗೂ ಕಾಣಿಸಿಕೊಳ್ಳಲಿಲ್ಲ. ಆಗ ಅವರಿಗೆ 50 ವರ್ಷ. ಜ್ಯೋತಿಯಲ್ಲಿ ಒಂದಾದರೆಂಬುದು ಅನುಯಾಯಿಗಳ ಶ್ರದ್ಧೆ.

ಅವರಿಲ್ಲದ ಎರಡೇ ವರ್ಷಗಳಲ್ಲಿ 1876–78ರ ಮಹಾಕ್ಷಾಮವು ದಕ್ಷಿಣ ಭಾರತವನ್ನು ಆವರಿಸಿತು. ಕನ್ನಡಿಗರು ಅದನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದು ಬಹುಕಾಲ ನೆನೆಯುತ್ತಿದ್ದರು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮದರಾಸು ಪ್ರಾಂತದಲ್ಲಿ ಸರಕಾರವು 1877ರಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿತು; ಅದಕ್ಕಾಗಿ ಹಸಿದವರು ಬಿಸಿಲಿನಲ್ಲಿ ಕಲ್ಲು ಒಡೆಯಬೇಕಾಗಿತ್ತು. ಅಂತಹ ಮಹಾವಿಪತ್ತಿಗೆ ಒಂದು ಊರಿನ ಅನ್ನಶಾಲೆಯು ಎದುರಾಗಿ ನಿಲ್ಲಲಾರದು ನಿಜ. ಊರೂರಿಗೆ ಒಂದು ಒಲೆ ಮೊದಲೇ ಉರಿಯುತ್ತಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದುವೆಂಬುದು ಮಾತ್ರ ಯೋಚಿಸತಕ್ಕ ಮಾತು. ಕ್ಷಾಮವು ಬಂದ ಮೇಲೆ ಬಾವಿ ತೋಡುವ ಬದಲು, ಸುಭಿಕ್ಷದ ದಿನಗಳಲ್ಲಿಯೇ ನಿತ್ಯವೂ ನಡೆಯುವ ಏರ್ಪಾಡನ್ನು ಮಾಡಿದ್ದು ಸ್ವಾಮಿಗಳ ದೂರದೃಷ್ಟಿ.

ವಡಲೂರಿನ ಒಲೆ ಅಂದಿನಿಂದ ಉರಿಯುತ್ತಲೇ ಇದೆ. 2017ಕ್ಕೆ ಅದಕ್ಕೆ 150 ವರ್ಷಗಳು ತುಂಬಿದವು. ಹೊತ್ತಿಸಿದವರು ಹೋದರು, ಮೊದಲು ಉಂಡವರು ಹೋದರು. ಬೆಂಕಿಯನ್ನು ಕಾಯುವ ಕೈಗಳು ಎಷ್ಟೋ ತಲೆಮಾರು ಬದಲಾದುವು. ವ್ರತವೆಂದರೆ ಹಿಡಿದುದನ್ನು ಬಿಡದಿರುವುದು ಎಂಬ ಅರ್ಥದಲ್ಲಿ ಇದೂ ಒಂದು ಮಹಾವ್ರತವೇ. ಇದನ್ನು ಪಾಲಿಸುತ್ತಿರುವುದು ಒಬ್ಬ ವ್ಯಕ್ತಿಯಲ್ಲ, ಒಂದು ಸಮುದಾಯ.

ಪರ್ವದಿನಗಳಲ್ಲಿ ಉಪವಾಸವನ್ನು ಮಾಡುವ ಶ್ರಾವಕ ಶ್ರಾವಿಕೆಯರ ಮನೆಗಳಲ್ಲಿ ಆ ದಿನದ ಅಕ್ಕಿ ಡಬ್ಬದಲ್ಲಿಯೇ ಉಳಿಯುತ್ತದೆ. ಕರ್ಮನಿರ್ಜರೆಗೆ ಕಾರಣವಾದ ಆ ಅನಶನವು ವ್ರತಿಯದು. ಉಳಿದ ಆ ಅಕ್ಕಿ ಯಾರದೆಂಬ ಪ್ರಶ್ನೆಗೆ ರಾಮಲಿಂಗ ಸ್ವಾಮಿಗಳ ಜೀವನವು ಉತ್ತರವನ್ನು ಕೊಟ್ಟಿದೆ. ನವಮಿಯ ಬೆಳಿಗ್ಗೆ ಪಾರಣೆಗೆ ಕುಳಿತುಕೊಳ್ಳುವ ಮೊದಲು, ಪಾರಣೆಯಿಲ್ಲದ ಹಸಿವಿನವರೊಬ್ಬರಿಗೆ ಅದು ತಲುಪಿದ್ದರೆ ಆ ವ್ರತವು ಎರಡು ಕಡೆಯಲ್ಲಿಯೂ ಪೂರ್ಣವಾದಂತೆ.