ಏಳು ತಂತಿಗಳ ಸಾಧಕ ಪಿಟೀಲು ಚೌಡಯ್ಯ

ಪಿಟೀಲು ಎಂದೊಡನೆ ಕನ್ನಡಿಗರ ನಾಲಿಗೆಗೆ ಬರುವ ಮೊದಲ ಹೆಸರು ಚೌಡಯ್ಯನವರದು. ಆದರೆ ಆ ಮಹಾನ್ ಕಲಾವಿದರು ವಾದ್ಯವನ್ನು ನುಡಿಸಿದಷ್ಟೇ ಶ್ರದ್ಧೆಯಿಂದ ಅದರ ರಚನೆಯನ್ನೂ ತಿದ್ದಿದರೆಂಬ ಸಂಗತಿ ಇಂದಿನ ಪೀಳಿಗೆಗೆ ಅಷ್ಟಾಗಿ ತಿಳಿದಿಲ್ಲ.

ಕಾವೇರಿ, ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರು, 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಎಂಟು ವರ್ಷಗಳ ಕಠಿಣ ಗುರುಕುಲವಾಸದ ತರುವಾಯ ಪಕ್ಕವಾದ್ಯಗಾರರಾಗಿ ಹೆಸರು ಪಡೆದರು.

ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲವದು. ಗಾಯಕನ ಕಂಠಕ್ಕೂ ಮೃದಂಗದ ನಾದಕ್ಕೂ ನಡುವೆ ಸಿಲುಕಿದ ಪಿಟೀಲು ಹಿಂದಿನ ಸಾಲಿನ ಶ್ರೋತೃಗಳನ್ನು ತಲುಪುತ್ತಿರಲಿಲ್ಲ. ಗಾಯಕನ ಶ್ರುತಿಗೆ ಹೊಂದಿಸಲು ತಂತಿಗಳನ್ನು ತಗ್ಗಿಸಿದಾಗ ಬಿಗಿ ಸಡಿಲವಾಗಿ ನಾದ ಮತ್ತಷ್ಟು ಕ್ಷೀಣಿಸುತ್ತಿತ್ತು. ಈ ಕೊರತೆಗೆ ಪರಿಹಾರವಾಗಿ ಚೌಡಯ್ಯನವರು ನಾಲ್ಕು ತಂತಿಗಳೊಡನೆ ಮತ್ತೆ ಮೂರನ್ನು ಜೋಡಿಸಿ, 1927ರ ವೇಳೆಗೆ ಏಳು ತಂತಿಗಳ ಪಿಟೀಲನ್ನು ಕಚೇರಿಗೆ ತಂದರು. ಜೋಡಿ ತಂತಿಗಳ ಮೇಲೆ ಕಮಾನು ಒಮ್ಮೆಗೇ ಹಾಯುವುದರಿಂದ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಮೊಳಗಿ ನಾದ ತುಂಬಿಕೊಳ್ಳುತ್ತಿತ್ತು.

ಈ ಲಾಭಕ್ಕೆ ತಕ್ಕ ಬೆಲೆಯೂ ಇತ್ತು. ಏಳು ತಂತಿಗಳ ಸೆಳೆತವನ್ನು ಕುದುರೆಯೂ ಅದರ ಕೆಳಗಿನ ತೆಳು ಹಲಗೆಯೂ ಹೊರಬೇಕು. ಜೋಡಿಯ ಒಂದು ತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಅಪಸ್ವರ ಬಯಲಾಗುತ್ತದೆ. ಎಡಗೈ ಬೆರಳು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು. ಕಚೇರಿಯ ನಡುವೆ ಶ್ರುತಿ ಕೆಟ್ಟರೆ ಮಾನ ಹೋಗುವುದು ವಾದಕನದೇ. ಈ ಅಪಾಯವನ್ನು ಅರಿತೇ ಅವರು ಆ ವಾದ್ಯವನ್ನು ಕೈಬಿಡದೆ ಜೀವನಪರ್ಯಂತ ನುಡಿಸಿದರು. ಚೆಂಬೈ ವೈದ್ಯನಾಥ ಭಾಗವತರಂತಹ ತುಂಬುಕಂಠದ ಗಾಯಕರೊಡನೆ ಸರಿಸಮನಾಗಿ ನಿಂತರು.

ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಅವರು, 1943ರಲ್ಲಿ ತೆರೆಕಂಡ ವಾಣಿ ಚಲನಚಿತ್ರದ ನಿರ್ಮಾಪಕರೂ ಆಗಿದ್ದರು. 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದಿಗೆ ಪಾತ್ರರಾದರು. 1967ರ ಜನವರಿ 19ರಂದು ನಿಧನ ಹೊಂದಿದರು.

ಕಾಕತಾಳೀಯವೆಂಬಂತೆ, ಮರುತಿಂಗಳೇ ಲಂಡನ್ನಿನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತನ್ನ ಪರ್ಪಲ್ ಹೇಜ್ ಗೀತೆಯ ಧ್ವನಿಮುದ್ರಣದಲ್ಲಿ ಆಕ್ಟೇವಿಯಾ ಎಂಬ ಪುಟ್ಟ ವಿದ್ಯುತ್ ಸಾಧನವನ್ನು ಬಳಸಿದನು. ರೋಜರ್ ಮೇಯರ್ ರೂಪಿಸಿದ ಆ ಸಾಧನ ನುಡಿಸಿದ ಸ್ವರಕ್ಕೆ ಮೇಲಿನ ಸ್ಥಾಯಿಯ ಸ್ವರವನ್ನು ಬೆರೆಸುತ್ತಿತ್ತು. ಚೌಡಯ್ಯನವರು ಮರ ಮತ್ತು ತಂತಿಯಿಂದ ಸಾಧಿಸಿದ್ದಕ್ಕೆ ಹತ್ತಿರವಾದುದನ್ನು ಅಲ್ಲಿ ಡಯೋಡುಗಳು ಸಾಧಿಸಿದವು. ಆ ಕಾಲದ ಇಂತಹ ಸಾಧನಗಳನ್ನು ಇಂದು ಸಂಗ್ರಾಹಕರು ಒಣಗಿದ ಕೆಪಾಸಿಟರ್ ಬದಲಿಸಿ, ಬಿಟ್ಟುಹೋದ ಬೆಸುಗೆ ಹಾಕಿ ಜೋಪಾನ ಮಾಡುತ್ತಾರೆ. ಅವುಗಳಲ್ಲಿ ಹಲವಕ್ಕೆ ಜೀವಾಳವಾದ ಜರ್ಮೇನಿಯಂ ಟ್ರಾನ್ಸಿಸ್ಟರು ಬಿಸಿಲಿಗೆ ಗುಣ ಬದಲಿಸುವಂತಹದು. ಬಳ್ಳಾರಿಯ ಬೇಸಿಗೆ ಅದಕ್ಕೆ ಒಗ್ಗದು.

ಆದರೆ ಏಳು ತಂತಿಗಳ ಪಿಟೀಲಿಗೆ ಅಂತಹ ವಾರಸುದಾರರು ವಿರಳ. ಮೈಕು ಬಂದ ಮೇಲೆ ಬಹುಪಾಲು ವಾದಕರು ನಾಲ್ಕು ತಂತಿಗಳಲ್ಲೇ ಉಳಿದರು. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿದೆ; ನಾದವನ್ನು ಉಳಿಸಬೇಕಾದವರು ವಾದ್ಯವನ್ನು ಬಲ್ಲ ಕುಶಲಕರ್ಮಿಗಳು. ಸತ್ಯನಾರಾಯಣಪೇಟೆಯ ಯಾವುದೋ ಮನೆಯ ಅಟ್ಟದಲ್ಲಿ ಅಜ್ಜನ ಪಿಟೀಲು ಇಂದಿಗೂ ಇರಬಹುದು. ನಮ್ಮ ಒಣಹವೆಗೆ ಮರ ಕುಗ್ಗಿ ಬಿರಡೆ ಜಾರುತ್ತದೆ, ಅಂಟು ಬಿಡುತ್ತದೆ. ಅದನ್ನು ಕೆಳಗಿಳಿಸಿ, ರಾಳದ ಪುಡಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಲ್ಲವರ ಕೈಗೆ ಒಪ್ಪಿಸುವುದು ಚೌಡಯ್ಯನವರಿಗೆ ಸಲ್ಲಿಸಬಹುದಾದ ಯೋಗ್ಯ ಗೌರವ.