ವಿಠಲ ವಿಹಾರದಿಂದ ಹೊರಟ ವಾಣಿ

ಇತಿಹಾಸ, ವಿಜ್ಞಾನಗಳ ವಿಸ್ಮಯಗಳನ್ನು ಕಿವಿಗೆ ತಲುಪಿಸುವ ಪಾಡ್‌ಕಾಸ್ಟ್‌ಗಳು ಈಗ ಯಥೇಚ್ಛವಾಗಿವೆ. ಇಲ್ಲಿ ರಾಮತೀರ್ಥ ನಗರದಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಡುವ ನನ್ನ ಓರಗೆಯ ನಿವೃತ್ತರೂ ಅವನ್ನು ಕೇಳುತ್ತಲೇ ನಡೆಯುತ್ತಾರೆ. ವಿದ್ವಾಂಸನೊಬ್ಬ ತನ್ನ ಮನೆಯಿಂದಲೇ ಅಪರಿಚಿತ ಕೇಳುಗರೊಡನೆ ಮಾತನಾಡುವ ಈ ಪರಿ ಹೊಸ ಶತಮಾನದ ಕೊಡುಗೆಯೆಂದು ಬಹುಮಂದಿ ಭಾವಿಸಿದಂತಿದೆ. ಅಂಥವರು ಮೈಸೂರಿನ ಡಾ. ಎಂ.ವಿ. ಗೋಪಾಲಸ್ವಾಮಿಯವರ ಬದುಕಿನತ್ತ ಒಮ್ಮೆ ಕಣ್ಣು ಹಾಯಿಸಬೇಕು.

1896ರಲ್ಲಿ ಜನಿಸಿದ ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರಜ್ಞರು. ಲಂಡನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದವರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯಬಹುದೆಂದು ಸಂಖ್ಯಾಶಾಸ್ತ್ರದ ನೆರವಿನಿಂದ ವಾದಿಸಿದ ಸ್ಪಿಯರ್‌ಮನ್ ಅವರ ಹೆಸರನ್ನು ನನ್ನಂಥ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಅವರ ಶ್ರೇಯಾಂಕ ಸಹಸಂಬಂಧದ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಕೈಚಳಕದ ಕಲಿಕೆಯಲ್ಲಿ ಬುದ್ಧಿಯ ಪಾತ್ರವೇನು, ಅಂಥ ಕಲಿಕೆಯಲ್ಲಿ ಮಿತವ್ಯಯ ಸಾಧ್ಯವೇ ಎಂಬ ವಿಷಯಗಳನ್ನು ಕುರಿತ ಗೋಪಾಲಸ್ವಾಮಿಯವರ ಪ್ರಬಂಧಗಳು 1920ರ ದಶಕದಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದವು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮಹಾರಾಜ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಆ ಮೊದಲು ಕಲ್ಕತ್ತೆಯಲ್ಲಿ ಮಾತ್ರ ಅಂಥ ವಿಭಾಗವಿತ್ತು.

ಇಷ್ಟಕ್ಕೇ ತೃಪ್ತರಾಗಿದ್ದರೆ ಅವರ ಹೆಸರು ಆ ಶಾಸ್ತ್ರದ ಚರಿತ್ರೆಯ ಪುಟಗಳಲ್ಲಿ ಸುರಕ್ಷಿತವಾಗಿ ಉಳಿಯುತ್ತಿತ್ತು. ಆದರೆ ಅವರಿಗೆ ರೇಡಿಯೊದ ಗೀಳು ಹತ್ತಿತು.

ಆ ಗೀಳು ಎಷ್ಟು ದುಬಾರಿಯಾದದ್ದು ಎಂಬುದನ್ನು ತಿಳಿಯಲು ಮುಂಬಯಿಯ ಉದಾಹರಣೆ ಸಾಕು. 1927ರ ಜುಲೈನಲ್ಲಿ ಅಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಪ್ರಸಾರ ಆರಂಭಿಸಿತು. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ತೆರಬೇಕು, ಅದರ ದೊಡ್ಡ ಪಾಲು ಕಂಪನಿಗೆ ಸಲ್ಲಬೇಕು ಎಂಬುದು ಏರ್ಪಾಡು. ಅಲೆಗಳಿಗೆ ಗೋಡೆ ಕಟ್ಟಲು ಬರುವುದಿಲ್ಲ. ಶುಲ್ಕ ಕೊಟ್ಟವನಿಗೂ ಕೊಡದವನಿಗೂ ಒಂದೇ ಹಾಡು ಕೇಳಿಸುತ್ತದೆ. ಸಾರ್ವಜನಿಕ ಸರಕು ಎಂದರೇನೆಂದು ವಿವರಿಸಲು ಅರ್ಥಶಾಸ್ತ್ರದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯದು. 1930ರ ಮಾರ್ಚ್ ವೇಳೆಗೆ ಕಂಪನಿ ದಿವಾಳಿಯಾಯಿತು. (ಲೈಸೆನ್ಸ್ ಪದ್ಧತಿ ಮಾತ್ರ ದೀರ್ಘಾಯುಷಿ. ಅಂಚೆ ಕಚೇರಿಯ ಮುಂದೆ ರೇಡಿಯೊ ಪುಸ್ತಕ ಹಿಡಿದು ಸಾಲು ನಿಂತ ನೆನಪು ನನ್ನ ತಲೆಮಾರಿಗೆ ಇನ್ನೂ ಇದೆ.)

ಬಂಡವಾಳಶಾಹಿಗಳು ಸೋತ ಈ ಕ್ಷೇತ್ರಕ್ಕೆ ಐದು ವರ್ಷಗಳ ತರುವಾಯ ಕಾಲಿಟ್ಟವರು ಸಂಬಳದಾರರಾದ ಒಬ್ಬ ಪ್ರಾಧ್ಯಾಪಕರು. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲಿ ಗೋಪಾಲಸ್ವಾಮಿಯವರು 30 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನು ಚಾಲನೆಗೊಳಿಸಿದರು. ಮಂದವಾದ ಒಂದು ಬಲ್ಬಿನಷ್ಟು ಶಕ್ತಿ! ಮೈಸೂರಿನ ಆಚೆಗೆ ಅದು ಬಹುದೂರ ಸಾಗುವಂತಿರಲಿಲ್ಲ. ಮುಂದೆ 250 ವ್ಯಾಟ್‌ನ ಯಂತ್ರ ಬಂತು. ಸ್ವಂತ ಹಣ, ಸಾರ್ವಜನಿಕರ ನೆರವು, ನಗರಸಭೆಯ ಅನುದಾನ, ಇವೇ ಆದಾಯದ ಮೂಲಗಳು. ಮುಂಬಯಿ ಕರ್ನಾಟಕದ ನಾವು ನಮ್ಮದೇ ಕನ್ನಡ ನಿಲಯಕ್ಕಾಗಿ 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ತೆರೆಯುವವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ, ಮನೆಯೊಳಗಿನ ಆ ಸಾಹಸದ ಬೆಲೆ ಅರಿವಾದೀತು.

ನಿಲಯಕ್ಕೆ ಇಟ್ಟ ಹೆಸರು ಆಕಾಶವಾಣಿ. ಹಿರಿಯ ಹಾಸ್ಯ ಲೇಖಕರೂ ಗೋಪಾಲಸ್ವಾಮಿಯವರ ಸಹೋದ್ಯೋಗಿಗಳೂ ಆಗಿದ್ದ ನಾ. ಕಸ್ತೂರಿಯವರು ಅದನ್ನು ಸೂಚಿಸಿದರೆಂಬುದು ಪ್ರಚಲಿತ ಅಭಿಪ್ರಾಯ. ಕೇರಳದ ತ್ರಿಪ್ಪುಣಿತ್ತುರದಿಂದ ಬಂದು ಕನ್ನಡದಲ್ಲಿ ಬರೆದವರು ಅವರು. ಕಂಸನಿಗೆ ಕೇಳಿಸಿದ ಅಶರೀರವಾಣಿಯ ಕಥೆ ಹಳ್ಳಿಹಳ್ಳಿಗೂ ಗೊತ್ತಿದ್ದ ನಾಡಿನಲ್ಲಿ ಈ ಪದಕ್ಕೆ ವಿವರಣೆಯೇ ಬೇಕಿರಲಿಲ್ಲ. ಕಲ್ಕತ್ತಾ ಕೇಂದ್ರಕ್ಕಾಗಿ ರವೀಂದ್ರನಾಥ ಠಾಕೂರರು ಬರೆದ ಕವಿತೆಯ ಆಧಾರದ ಮೇಲೆ ಹೆಸರಿನ ಶ್ರೇಯಸ್ಸನ್ನು ಅವರಿಗೆ ಸಲ್ಲಿಸುವವರೂ ಇದ್ದಾರೆ. ಆ ಕವಿತೆ 1930ರ ದಶಕದ ಕೊನೆಯದು. ಮೈಸೂರಿನ ನಿಲಯ 1935ರದು. ಪಂಚಾಂಗವೇ ತೀರ್ಪು ಹೇಳುವಲ್ಲಿ ಹೆಚ್ಚು ಚರ್ಚೆ ಅನಗತ್ಯವೆಂಬುದು ನನ್ನ ಅಭಿಮತ.

1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಗೋಪಾಲಸ್ವಾಮಿಯವರು ಕೆಲಕಾಲ ಅದರ ಹೊಣೆಯಲ್ಲಿ ಮುಂದುವರಿದು, 1943ರಲ್ಲಿ ಕಸ್ತೂರಿಯವರಿಗೆ ಅದನ್ನು ಒಪ್ಪಿಸಿದರು. 1950ರ ಏಪ್ರಿಲ್ 1ರಂದು ನಿಲಯ ಆಲ್ ಇಂಡಿಯಾ ರೇಡಿಯೊದಲ್ಲಿ ವಿಲೀನವಾಯಿತು. ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಮುಂದಿನ ಹೆಜ್ಜೆಯ ತರ್ಕ ಅರ್ಥವಾಗುತ್ತದೆ: ರಾಜಧಾನಿಯಲ್ಲಿ ದೊಡ್ಡ ಕೇಂದ್ರ ಬೇಕು, ಆದ್ದರಿಂದ ಸಣ್ಣ ಊರಿನದನ್ನು ಅಲ್ಲಿಗೆ ಸಾಗಿಸೋಣ. 1955ರ ನವೆಂಬರ್‌ನಲ್ಲಿ ಹಾಗೆಯೇ ಆಯಿತು. ನಿಲಯ ಬೆಂಗಳೂರಿಗೆ ಹೋಯಿತು. ತರ್ಕ ಸರಿ, ನ್ಯಾಯ ಸರಿಯಿಲ್ಲ. ರಾಜಧಾನಿಯಿಂದ ದೂರವಿರುವ ಬೆಳಗಾವಿ, ಖಾನಾಪುರಗಳ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ದಶಕದಲ್ಲಿ ದೇಶದ ಪ್ರಸಾರ ಸಂಸ್ಥೆಯು ಆಕಾಶವಾಣಿ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಇದೊಂದನ್ನೇ ಬಳಸುವಂತೆ ಪ್ರಸಾರ ಭಾರತಿ ಆದೇಶಿಸಿತು.

ಗೋಪಾಲಸ್ವಾಮಿಯವರು ತೀರಿಕೊಂಡದ್ದು 1957ರಲ್ಲಿ. ಆಗ ಅವರ ಊರಿನಲ್ಲಿ ನಿಲಯವಿರಲಿಲ್ಲ. ಮೈಸೂರಿಗೆ ಅದು ಮರಳಿ ದೊರೆತದ್ದು 1974ರಲ್ಲಿ. ಯಾದವಗಿರಿಯಲ್ಲಿ ತಲೆಯೆತ್ತಿದ ಆ ಹೊಸ ಕೇಂದ್ರದಿಂದ ವಿಠಲ ವಿಹಾರಕ್ಕೆ ಕೆಲವೇ ಹೆಜ್ಜೆಗಳ ಅಂತರ.